ಮರಗಟ್ಟಿದ ತುಟಿ

ಗಾಜಿನ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಊದಪ್ಪ ಎಂದೇ ಕರೆಯುತ್ತಿದ್ದರು. ಕೆಂಡದಂಥ ಗಾಜಿನ ಮುದ್ದೆಯನ್ನು ಕೊಳವೆಯ ತುದಿಗೆ ಸುತ್ತಿಕೊಂಡು, ಇನ್ನೊಂದು ತುದಿಗೆ ತುಟಿಯಿಟ್ಟು ಊದಿದನೆಂದರೆ ದೀಪದ ಬುರುಡೆ ಎಲ್ಲ ಕಡೆಗೂ ಒಂದೇ ತೆಳುವಿಗೆ ಉಬ್ಬುತ್ತಿತ್ತು. "ಇವನ ಹೊಟ್ಟೇಲಿ ಗಾಳಿ ಬಿಟ್ರೆ ಬೇರೇನಿಲ್ಲ" ಎಂದು ಜೊತೆಯವರು ನಗುತ್ತಿದ್ದರು.

ಕೆಳದವಡೆಯ ಎಡಗಡೆ ಎರಡು ಹಲ್ಲು ಹೋಗಿ, ಅವನು ಊಟವನ್ನು ಅಗಿಯದೆ ನುಂಗತೊಡಗಿದಾಗ ಹೆಂಡತಿ ಬೆನ್ನುಬಿದ್ದು ದಂತವೈದ್ಯೆಯ ಬಳಿಗೆ ಕರೆದೊಯ್ದಳು. ಮೂಳೆಗೆ ತಿರುಪು ಕೂರಿಸಿ ಹಲ್ಲು ಕಟ್ಟಬೇಕು, ಮೊದಲು ಒಳಗಿನ ನರ ಎಲ್ಲಿದೆಯೆಂದು ನೋಡಬೇಕು ಎಂದರು ವೈದ್ಯೆ.

"ಎಕ್ಸ್‌ರೇ ಇಲ್ಲೇ ತೆಗೀತೀನಿ. ದವಡೆ ಪೂರ್ತಿ ಒಂದೇ ಪಟದಲ್ಲಿ ಬರುತ್ತೆ. ಆದ್ರೆ ಅದು ಚಪ್ಪಟೆ ಪಟ, ಅಳತೆ ಸ್ವಲ್ಪ ಹಿಗ್ಗಿ ಕಾಣುತ್ತೆ. ಸ್ಕ್ಯಾನ್ ಆದ್ರೆ ಬ್ರೆಡ್ಡು ಕುಯ್ದ ಹಾಗೆ ಹೋಳು ಹೋಳಾಗಿ ತೋರಿಸುತ್ತೆ. ಅದಕ್ಕೆ ದೊಡ್ಡಾಸ್ಪತ್ರೆಗೆ ಹೋಗ್ಬೇಕು."

"ಅದರಲ್ಲಿ ಕಿರಣ ಜಾಸ್ತಿನಾ?" ಹೆಂಡತಿ ಕೇಳಿದಳು.

"ಇದಕ್ಕಿಂತ ಜಾಸ್ತಿನೇ. ಹೆದರೋ ಅಷ್ಟಿಲ್ಲ."

ಅವಳ ಅಣ್ಣ ಕ್ಯಾನ್ಸರ್ ಬಂದು, ಕಿರಣ ಹಾಯಿಸಿಕೊಂಡು, ಕಣ್ಣೆದುರೇ ಸವೆದುಹೋಗಿದ್ದ. ಆ ಕಿರಣವೇ ಬೇರೆ, ಸ್ಕ್ಯಾನಿನದೇ ಬೇರೆ ಎಂದರೆ ಅವಳ ಮನಸ್ಸು ಒಪ್ಪಬೇಕಲ್ಲ. "ಬೇಡ. ಪಟಾನೇ ಸಾಕು" ಎಂದಳು. ಊದಪ್ಪನಿಗೆ ಸ್ಕ್ಯಾನ್ ಮಾಡಿಸಿಬಿಡೋಣ ಎನ್ನಿಸಿತ್ತು. ಅವಳ ಮುಖ ನೋಡಿ ತಲೆಯಾಡಿಸಿದ. ವೈದ್ಯೆಯೂ ಒತ್ತಾಯಿಸಲಿಲ್ಲ.

ತಿರುಪು ಕೂರಿಸಿದ ದಿನ ನೋವು ತಿಳಿಯದಿರಲೆಂದು ಕೊಟ್ಟ ಚುಚ್ಚುಮದ್ದಿನ ಜೋಮು ಸಂಜೆಗೆ ಇಳಿಯಬೇಕಿತ್ತು. ಮರುದಿನ ಬೆಳಿಗ್ಗೆಯೂ ಇಳಿದಿರಲಿಲ್ಲ. ಚಹಾ ಕುಡಿದರೆ ಲೋಟದ ಅಂಚು ಅರ್ಧಕ್ಕೇ ಮುರಿದುಹೋದಂತೆ ಭಾಸವಾಯಿತು. ಉಳಿದರ್ಧ ಎಡತುಟಿಗೆ ತಾಗಿದ್ದೇ ತಿಳಿಯಲಿಲ್ಲ. ಆಗ ಓಡೋಡಿ ಸ್ಕ್ಯಾನ್ ಮಾಡಿಸಿದರು. ಪಟದಲ್ಲಿ ನೆಟ್ಟಗೆ ಕಂಡಿದ್ದ ನರದ ದಾರಿ ಆ ಜಾಗದಲ್ಲಿ ಮೇಲಕ್ಕೆ ಡೊಂಕಾಗಿತ್ತು. ತಿರುಪಿನ ತುದಿ ಅದರೊಳಕ್ಕೆ ಇಳಿದಿತ್ತು.

"ಸ್ಕ್ಯಾನ್ ಇಲ್ದೆ ನಾನು ಕೈ ಹಾಕ್ಬಾರದಿತ್ತು" ಎಂದರು ವೈದ್ಯೆ. ಅಂದೇ ತಿರುಪು ತೆಗೆದರು. "ಇನ್ನು ಕಾಯ್ಬೇಕು. ನರ ಚಿಗುರೋದು ನಿಧಾನ."

ಗಾಯ ಮಾಗಿದ ಮೇಲೆ ಅವನು ಕುಲುಮೆಯ ಮುಂದೆ ನಿಂತ. ಕೊಳವೆ ತುಟಿಯ ಮೇಲೆ ಕೂತಿದೆಯೋ ಜಾರಿದೆಯೋ ತಿಳಿಯದು. ಬಾಯಿಯ ಮೂಲೆಯಿಂದ ಗಾಳಿ ಸೋರಿತು, ಬುರುಡೆ ಒಂದು ಕಡೆಗೆ ಜೋತುಬಿತ್ತು. ಮತ್ತೆ ಮತ್ತೆ ಊದಿದ. ಕೊನೆಗೆ ಪಕ್ಕದವನು ಮೆಲ್ಲಗೆ, "ಅಣ್ಣಾ, ತುಟೀಲಿ ರಕ್ತ ಬರ್ತಿದೆ" ಎಂದ. ಕಚ್ಚಿಕೊಂಡಿದ್ದು ಅವನಿಗೇ ಗೊತ್ತಿರಲಿಲ್ಲ. ಮೇಸ್ತ್ರಿ ಅವನನ್ನು ಅಂಚು ಉಜ್ಜುವ ಮೇಜಿಗೆ ಕಳಿಸಿದ. ಬೇರೆಯವರು ಊದಿದ ಬುರುಡೆಗಳು ಅವನ ಕೈಗೆ ಬರತೊಡಗಿದವು.

ಮನೆಯಲ್ಲಿ ಹೆಂಡತಿ ಅವನ ಜೊತೆ ಉಣ್ಣುವುದನ್ನೇ ಬಿಟ್ಟಳು. ಮೊದಲು ಬಡಿಸಿ, ಆಮೇಲೆ ಒಲೆಯ ಬಳಿ ಒಬ್ಬಳೇ ಕೂರುತ್ತಿದ್ದಳು. ರಜೆಯ ಮಧ್ಯಾಹ್ನ ಅವನ ಗದ್ದದ ಮೇಲಿಳಿದ ಸಾರನ್ನು ಸೆರಗಿನಿಂದ ಒರೆಸುತ್ತ ಅವಳ ಕೈ ನಿಂತಿತು.

"ನಿಮ್ಮ ಬಾಯಿ ಕಿತ್ಕೊಂಡಿದ್ದು ನಾನೇ."

ಎಷ್ಟೋ ದಿನಗಳಿಂದ ಒಳಗೊಳಗೇ ಮಸೆದಿಟ್ಟಿದ್ದ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡ.

"ನೀನು ಬೇಡ ಅನ್ನದಿದ್ರೂ ನಾನು ಹೋಗ್ತಿರಲಿಲ್ಲ ಕಣೇ. ಅಷ್ಟು ದೂರ ಯಾರು ಅಲೀತಾರೆ?"

ಸುಳ್ಳೆಂದು ಅವಳಿಗೆ ಗೊತ್ತಾಯಿತು. ಗೊತ್ತಾಯಿತೆಂದು ಅವನಿಗೂ ತಿಳಿಯಿತು. ಅವಳು ತನ್ನ ತಟ್ಟೆ ತಂದು ಅವನೆದುರು ಕೂತಳು.

ಮರುವರ್ಷ ಗದ್ದದಲ್ಲಿ ಸಣ್ಣಗೆ ಜುಮುಜುಮು ಶುರುವಾಯಿತು. ತುಟಿ ಮಾತ್ರ ಹಾಗೇ ಉಳಿಯಿತು.