ಖಾಲಿ ಹೋಗಬಾರದ ಕಾರು

ನನಗೆ ನಾಗಪುರಕ್ಕೆ ವರ್ಗವಾದ ಸುದ್ದಿ ಬಂದ ದಿನ ಹೊಸಪೇಟೆಯ ನಮ್ಮ ಮನೆಯಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ. ಎಲ್ಲರೂ ಕಾರಿನ ಚಿಂತೆಗೆ ಬಿದ್ದರು. ಎಲ್ಲರೂ ಎಂದರೆ ನಾನು ಮತ್ತು ನನ್ನ ಹೆಂಡತಿ ಶೈಲಜಾ, ಇಬ್ಬರೇ. ಮಂಚ, ಬೀರು, ಪಾತ್ರೆಗಳು ಲಾರಿಯಲ್ಲಿ ಹೋಗುತ್ತವೆ. ನಾವು ನನ್ನ ಕಾರಿನಲ್ಲಿ ಹೋಗುತ್ತೇವೆ. ಒಬ್ಬ ಮನುಷ್ಯ ಒಂದು ಹೊತ್ತಿಗೆ ಒಂದೇ ಕಾರು ಓಡಿಸಬಲ್ಲ ಎಂಬ ದೊಡ್ಡ ಸತ್ಯ ನನಗೆ ಐವತ್ತಾರನೆಯ ವಯಸ್ಸಿನಲ್ಲಿ ಹೊಳೆದದ್ದು ಆಮೇಲೆ. ಮನೆ ಮುಂದೆ ಇನ್ನೊಂದು ಕಾರು ನಿಂತಿತ್ತಲ್ಲ!

ಅದು ಶೈಲಜಾಳ ಕಾರು. ಚಿಕ್ಕದು, ಹಳೆಯದು. ಬಣ್ಣ ಬಿಳಿ ಎಂದು ಕಾಗದಪತ್ರಗಳು ಹೇಳುತ್ತವೆ. ಸಂಡೂರಿನ ಅದಿರಿನ ಧೂಳು ಅದನ್ನು ಒಪ್ಪುವುದಿಲ್ಲ.

ನಮ್ಮ ಅಜ್ಜ ಸಂಡೂರು ಬಿಟ್ಟು ಹೊಸಪೇಟೆಗೆ ಬಂದಾಗ ಅವನಿಗೆ ಎರಡು ಬಂಡಿಗಳಿದ್ದವಂತೆ. ಮುಂದಿನದನ್ನು ತಾನು ಹೊಡೆದ. ಹಿಂದಿನ ಬಂಡಿಯ ಎತ್ತುಗಳು ಮುಂದಿನದನ್ನು ನೋಡಿಕೊಂಡು ತಾವಾಗಿ ಬಂದವು. ಅದರಲ್ಲಿ ಕುಳಿತ ಅಜ್ಜಿ ದಾರಿಯುದ್ದಕ್ಕೂ ನಿದ್ದೆ ಹೊಡೆದಳು. ಎತ್ತಿಗಿದ್ದ ಆ ಬುದ್ಧಿ ಕಾರಿಗೆ ಇನ್ನೂ ಬಂದಿಲ್ಲ. ಹಾಗೆ ನೋಡಿದರೆ ಈ ತೊಂದರೆ ನಮ್ಮ ಸೀಮೆಗೆ ಹೊಸದೇನಲ್ಲ. ಹಂಪಿಯ ಅರಸರಿಗೆ ಕುದುರೆಗಳು ಕಡಲಾಚೆಯಿಂದ ಹಡಗಿನಲ್ಲಿ ಬರುತ್ತಿದ್ದವು. ದಾರಿಯಲ್ಲಿ ಕುದುರೆ ಸತ್ತರೂ ಬಾಲ ತಂದು ತೋರಿಸಿದ ವ್ಯಾಪಾರಿಗೆ ಬೆಲೆ ಸಿಗುತ್ತಿತ್ತು ಎಂದು ಎಲ್ಲೋ ಓದಿದ್ದೇನೆ. ಕಾರು ಸಾಗಿಸುವ ಟ್ರೇಲರಿನವರನ್ನು ವಿಚಾರಿಸುವಾಗ ನನಗೆ ಆ ಬಾಲದ್ದೇ ನೆನಪು.

ಮೊದಲು ನಾನು ಹೇಳಿದ್ದು ಸುಲಭದ ದಾರಿ: ಇದನ್ನು ಇಲ್ಲೇ ಮಾರಿಬಿಡೋಣ, ಬೇಕಾದರೆ ಅಲ್ಲಿ ನೋಡೋಣ. ಶೈಲಜಾ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಅಲ್ಲಿಗೆ ಹೋಗಿ ಮತ್ತ ನಿಮ್ಮ ಎಡಗಡೆ ಸೀಟಿನ್ಯಾಗ ಕುಂದ್ರಬೇಕೇನ್ರಿ ನಾನು?"

ಈ ಮಾತಿಗೆ ಹಿನ್ನೆಲೆ ಇದೆ. ಅವಳ ತವರು ಕಂಪ್ಲಿ. ತಮ್ಮನಿಗೆ ಅಲ್ಲಿ ಅಕ್ಕಿ ಗಿರಣಿ ಇದೆ, ತಾಯಿ ಅವನ ಜೊತೆ ಇದ್ದಾರೆ. ಮೊದಲೆಲ್ಲ ಅಲ್ಲಿಗೆ ಹೋಗಬೇಕೆಂದರೆ ಅವಳು ನನ್ನನ್ನು ಕೇಳಬೇಕಿತ್ತು. ನಾನು "ನೋಡೋಣ" ಎನ್ನುತ್ತಿದ್ದೆ. ನನ್ನ ಒಂದು "ನೋಡೋಣ" ಮೂರು ವಾರ ತಡೆಯುತ್ತಿತ್ತು. ನಲವತ್ತೊಂಬತ್ತಕ್ಕೆ ಅವಳು ಕಾರು ಕಲಿತಳು. ಕಲಿಯುವಾಗ ನಮ್ಮ ಕಾಂಪೌಂಡು ಎರಡು ಸಲ ಬಿತ್ತು, ಅವಳು ಮಾತ್ರ ಬಿಡಲಿಲ್ಲ. ಆಮೇಲೆ ಪ್ರತಿ ಗುರುವಾರ ಯಾರನ್ನೂ ಕೇಳದೆ ಕಂಪ್ಲಿಗೆ ಹೊರಟಳು. ಗೊತ್ತಿಲ್ಲದ ಊರಿನಲ್ಲಿ ಅವಳು ಕಿಟಕಿ ಹತ್ತಿರ ಕೂತು ಮತ್ತೆ ನನ್ನ "ನೋಡೋಣ"ಕ್ಕೆ ಕಾಯುವುದನ್ನು ನೆನೆದು ನನಗೆ ನಿಜಕ್ಕೂ ನಾಚಿಕೆಯಾಯಿತು. ಕಾರು ಬರಲೇಬೇಕು ಎಂದು ತೀರ್ಮಾನವಾಯಿತು.

ಟ್ರೇಲರಿನವರು ಫೋನಿನಲ್ಲಿ ಷರತ್ತು ಹೇಳಿದರು: ಕಾರಿನೊಳಗೆ ಒಂದು ಚಮಚವೂ ಇರಕೂಡದು. ಅದನ್ನು ನಾನು ಹೆಂಡತಿಗೂ ಹೇಳಿದೆ, ಪೇಪರ್ ಓದುತ್ತಾ ಹೇಳಿದೆ. ಪೇಪರ್ ಓದುತ್ತಾ ನಾನು ಹೇಳುವ ಮಾತನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಟ್ಟು ಎಷ್ಟೋ ವರ್ಷಗಳಾದವು.

ಹೊರಡುವ ಹಿಂದಿನ ದಿನ ಅವಳು ಕಂಪ್ಲಿಗೆ ಹೋಗಿ ಹೇಳಿಬಂದಳು. ನಮ್ಮಲ್ಲಿ ಪಕ್ಕದ ಮನೆಯ ಬಟ್ಟಲನ್ನು ಕೂಡ ಬರಿದಾಗಿ ಹಿಂತಿರುಗಿಸುವುದಿಲ್ಲ. ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ನಮ್ಮ ಅತ್ತೆಯ ಕಣ್ಣಿಗೆ ಕಾರು ಎಂಬುದು ದೊಡ್ಡ ಬಟ್ಟಲು. ಮರುದಿನ ಬೆಳಿಗ್ಗೆ ಬೈಪಾಸ್ ಹತ್ತಿರ ನಿಂತಿದ್ದ ಟ್ರೇಲರಿನ ಡ್ರೈವರ್ ಡಿಕ್ಕಿ ತೆರೆದು ನೋಡಿದರೆ ಅರ್ಧ ಚೀಲ ಸೋನಾ ಮಸೂರಿ, ಒಂದು ಚೀಲ ಮಂಡಕ್ಕಿ, ಗುರೆಳ್ಳು ಚಟ್ನಿಪುಡಿ, ಎರಡು ಜಾಡಿ ಉಪ್ಪಿನಕಾಯಿ. ಮರಿಯಮ್ಮನಹಳ್ಳಿಯ ಆತ ಪಾಪ ಒಳ್ಳೆಯವನು. ಇದನ್ನು ಇಳಿಸದೆ ಕಾರು ಹತ್ತಿಸುವ ಹಾಗಿಲ್ಲ ಎಂದು ತನ್ನದೇ ತಪ್ಪು ಎಂಬಂತೆ ಹೇಳಿದ. ನನ್ನ ಕಾರಿಗೆ ಹಾಕೋಣವೆಂದು ನಾನು ಚೀಲಕ್ಕೆ ಕೈ ಹಾಕಿದೆ. ಶೈಲಜಾ ತಾಯಿಗೆ ಫೋನು ಹಚ್ಚಿದಳು.

"ಅಕ್ಕಿ ಇಳಿಸಬ್ಯಾಡವ್ವ," ಎಂದರು ಅತ್ತೆ. "ಹೆಣ್ಮಗಳ ಗಾಡಿ ತವರಿನಿಂದ ಖಾಲಿ ಹೋಗಬಾರದು."

ಶೈಲಜಾ ಚೀಲವನ್ನು ನೋಡಿದಳು, ಟ್ರೇಲರನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಕಂಪ್ಲಿ, ಹಂಪಿ, ಸಂಡೂರು ಬಿಟ್ಟು ಆಚೆಗೆ ಒಂದು ಮೈಲಿಯೂ ಕಾರು ಓಡಿಸಿದವಳಲ್ಲ.

"ನಾನ ಹೊಡ್ಕೊಂಡು ಬರ್ತೀನ್ರಿ. ನೀವು ಮುಂದ ನಡೀರಿ," ಎಂದಳು.

ಬಾಡಿಗೆ ಕಳೆದುಕೊಂಡ ಆ ಡ್ರೈವರ್ ಬೇಸರಪಡದೆ ಅವಳ ಟೈರಿನ ಗಾಳಿ ನೋಡಿ, ರಾಯಚೂರು ದಾರಿಯಲ್ಲಿ ಎಲ್ಲೆಲ್ಲಿ ಗುಂಡಿಗಳಿವೆ ಎಂದು ಹೇಳಿ ಕಳಿಸಿಕೊಟ್ಟ.

ಮೂರು ದಿನದ ಹಾದಿ. ಮೊದಲ ದಿನ ನಾನು ರಸ್ತೆ ನೋಡಿದ್ದಕ್ಕಿಂತ ಕನ್ನಡಿ ನೋಡಿದ್ದೇ ಹೆಚ್ಚು. ಅದರಲ್ಲಿ ಅವಳ ಕಾರು ಕಾಣದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಕಾಯುತ್ತಿದ್ದೆ. ಸಿಂಧನೂರು ದಾಟಿದ ಮೇಲೆ ಹೀಗೆ ಹಿಂದೆ ನೋಡುತ್ತಾ ಒಂದು ಕುರಿ ಹಿಂಡಿನ ನಡುವೆ ನುಗ್ಗಿ ಕುರುಬರಿಂದ ಬೈಸಿಕೊಂಡೆ. ಹಿಂದೆ ಬಂದ ಶೈಲಜಾ ನಿಧಾನವಾಗಿ ನಿಂತು, ಕುರಿಗಳು ದಾಟುವ ತನಕ ಕಾದಳು. ಎರಡನೆಯ ದಿನ ಹೈದರಾಬಾದಿನ ಹೊರವಲಯದಲ್ಲಿ ನಾನು ದಾರಿ ತಪ್ಪಿದೆ. ಗಿರಣಿಯ ಹಮಾಲರ ನಡುವೆ ಬೆಳೆದ ಶೈಲಜಾ ಕಂಪ್ಲಿಯ ತೆಲುಗಿನಲ್ಲಿ ಒಬ್ಬ ಚಹಾದಂಗಡಿಯವನನ್ನು ವಿಚಾರಿಸಿಕೊಂಡು ಬಂದಳು. ಆಮೇಲೆ ಅವಳು ಮುಂದೆ, ನಾನು ಹಿಂದೆ. ಅಜ್ಜನ ಎತ್ತುಗಳಿಗೆ ಆಗಿರಬಹುದಾದ ಸುಖ ಆಗ ನನಗೂ ಆಯಿತು. ಮುಂದಿನ ಗಾಡಿಯ ಮೇಲೆ ನಂಬಿಕೆ ಇದ್ದರೆ ಅರ್ಧ ದಾರಿ ತಾನೇ ಸವೆಯುತ್ತದೆ.

ಲಾರಿ ನಾಗಪುರಕ್ಕೆ ಬಂದದ್ದು ನಾವು ಬಂದು ಎರಡು ದಿನವಾದ ಮೇಲೆ. ಅಲ್ಲಿಯತನಕ ಆ ಖಾಲಿ ಮನೆಯಲ್ಲಿ ನೆರೆಮನೆಯವರು ಕೊಟ್ಟ ಕುಕ್ಕರಿನಲ್ಲಿ ಕಂಪ್ಲಿಯ ಅಕ್ಕಿ ಬೆಂದಿತು. ಕುಕ್ಕರನ್ನು ಮಂಡಕ್ಕಿ ತುಂಬಿಸಿ ವಾಪಸು ಕೊಟ್ಟೆವು.

ಮೊನ್ನೆ ಅತ್ತೆ ಫೋನು ಮಾಡಿ, ತುಂಬಿ ಹೋದ ಗಾಡಿ ಬರಿದಾಗಿ ವಾಪಸು ಬರಬಾರದು ಎಂದು ನೆನಪಿಸಿದರು. ಶೈಲಜಾ ಆಗಲೇ ಗೊತ್ತುಮಾಡಿಕೊಂಡಿದ್ದಾಳೆ: ಕಿತ್ತಳೆ ಸುಗ್ಗಿ ಶುರುವಾಗುತ್ತಲೇ ಡಿಕ್ಕಿ ತುಂಬ ಹಣ್ಣು ಹೇರಿಕೊಂಡು ತನ್ನ ಕಾರಿನಲ್ಲಿ ಕಂಪ್ಲಿಗೆ. ಹಾಗಾದರೆ ನಾನು ಎಂದು ಕೇಳಿದೆ.

"ಬರ್ರಿ ನೀವೂ," ಎಂದಳು. "ಎಡಗಡೆ ಸೀಟು ಖಾಲಿ ಐತಲ್ಲ. ಖಾಲಿ ಒಯ್ಯಬಾರದು."

"ನೋಡೋಣ" ಎನ್ನಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡು ರಜೆಯ ಅರ್ಜಿ ಬರೆಯಲು ಕೂತೆ.