ಚಾಳೀಸಿನ ಸಾಬರು ಕಂಡ ಮಂಜು

೧೯೮೩, ಜನವರಿಯ ಎರಡನೆಯ ರವಿವಾರ, ಸಂಜೆ ಏಳೂಕಾಲು. ಮಾನ್ವಿ ಬಜಾರಿನ ಚಾಳೀಸಿನ, ಅಂದರೆ ಕನ್ನಡಕದ, ಅಂಗಡಿಯ ಮಾಳಿಗೆ. ಇದ್ದವರು ಮೂವರು: ಅಂಗಡಿಯ ಮಹಬೂಬಸಾಬರು, ಅವರ ಹೆಂಡತಿ ಅಮೀನಾಬಿ, ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ನಾನು. ನನಗೆ ದೇವದುರ್ಗಕ್ಕೆ ವರ್ಗವಾಗಿತ್ತು, ಮರುದಿನ ಬೆಳಿಗ್ಗೆ ಬಸ್ಸು. ಅರ್ಧ ತಾಸು ಮಾತ್ರ ಕೂರುತ್ತೇನೆಂದು ಹೇಳಿಯೇ ಮೆಟ್ಟಿಲು ಹತ್ತಿದ್ದೆ.

ಸಾಬರು ಕಣ್ಣು ಪರೀಕ್ಷಿಸುವ ರೀತಿಯೇ ಬೇರೆ. ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿದ್ದರು, ಆದರೆ ಓದು ಬಾರದವರಿಗೆ ಅದರಿಂದೇನು? ಅಂಥವರಿಗೆ ಚಹಾ ಕೊಟ್ಟು ಕತ್ತಲಾಗುವವರೆಗೆ ಕೂರಿಸಿ, ಮಾಳಿಗೆಗೆ ಕರೆದೊಯ್ದು ಕೃತ್ತಿಕೆಯ ಗೊಂಚಲು ತೋರಿಸುವರು.

"ಎಷ್ಟ ಚುಕ್ಕಿ ಕಾಣ್ತಾವ ಯಪ್ಪಾ? ಆರು? ನಿನಗ ಚಾಳೀಸ ಬ್ಯಾಡ, ಮನಿಗೆ ನಡಿ."

ರೇಡಿಯೋದಲ್ಲಿ ರಾಕೆಟ್ ಹಾರಿದ ಸುದ್ದಿ ಬಂದರೆ ಅಂಗಡಿಯ ಗಾಜುಗಳನ್ನೆಲ್ಲ ತೊಳೆದು ಇಡುವರು. "ಅವರು ಅಷ್ಟ ದೂರ ಹೊಂಟಾರ್ರೀ ಅಕ್ಕೋರ, ನಾವು ಧೂಳಿನ್ಯಾಗ ಕುಂದ್ರೂದೇನು?" ಅಂಥದೇ ಉಮೇದಿನಲ್ಲಿ ತಗಡಿನ ಕೊಳವೆಗೆ ಒಂದು ನಂಬರಿನ ಗಾಜು, ಗಡಿಯಾರ ರಿಪೇರಿಯವರ ಭೂತಗನ್ನಡಿ ಕೂರಿಸಿ ದೂರದರ್ಶಕ ಮಾಡಿದ್ದರು.

ಆ ಸಂಜೆ ಸಾಬರು ಹೆಂಡತಿಯ ಸೆರಗಿನ ತುದಿಯಿಂದ ದೂರದರ್ಶಕದ ಗಾಜು ಒರೆಸುತ್ತಿದ್ದರು.

"ಎಂಟ ದಿನದಿಂದ ಅದ ಗಾಜು ಒರಸಾಕತ್ತಾರ್ರೀ," ಎಂದರು ಅಮೀನಾಬಿ. "ನನ್ನ ಸೆರಗು ತೂತು ಬಿತ್ತು."

ಸಾಬರು ಪೂರ್ವಕ್ಕೆ ಕೈ ತೋರಿಸಿದರು. "ಸಾಲಾಗಿ ಮೂರು ಚುಕ್ಕಿ ಅದಾವಲ್ರೀ, ಅದರ ಬಲಕ್ಕ ಮಂಜು ಮಂಜು. ಗಾಜು ಬದಲಿ ಮಾಡಿದೆ, ಹೋಗವಲ್ದು. ಗಾಜಿನ್ಯಾಗ ಇಲ್ಲಂದ್ರ ನನ್ನ ಕಣ್ಣಾಗ ಅದ. ಪೊರಿ ಬರಾಕತ್ತದ ಅಕ್ಕೋರ. ಮಂದಿ ಕಣ್ಣು ನೋಡಾವನ ಕಣ್ಣ ಹೋದ್ರ ಅಂಗಡಿ ಹೆಂಗ ತೆಗೀಲಿ?"

ಮೂವತ್ತು ವರ್ಷ ಜನರ ಮಂಜು ಕಳೆದ ಮನುಷ್ಯ. ಮಂಜು ಎಂದರೆ ಎಲ್ಲೋ ದೋಷವಿದೆ ಎಂದೇ ಅವರ ಲೆಕ್ಕ.

ನಾನು ಕೊಳವೆಗೆ ಕಣ್ಣಿಟ್ಟೆ. ಸುತ್ತಲಿನ ಚುಕ್ಕಿಗಳು ಸೂಜಿಮೊನೆಯಷ್ಟು ಚೂಪು. ಅವುಗಳ ನಡುವೆ, ಕನ್ನಡಿಗೆ ಉಸಿರು ತಾಗಿದಂತೆ, ಬೂದುಬಣ್ಣದ ಬೆಳಕು ಮೆಲ್ಲಗೆ ರೆಕ್ಕೆ ಬಿಚ್ಚಿ ನಿಂತಿತ್ತು.

"ಸಾಬರ, ನನಗೂ ಮಂಜು ಕಾಣಾಕತ್ತದ."

"ನಿಮ್ಮ ಕಣ್ಣೂ ಹೋತೇನ್ರೀ?" ಎಂದು ಅಮೀನಾಬಿ ತಾವೂ ಬಗ್ಗಿ ನೋಡಿದರು. "ಒಲಿ ಹೊಗಿ ಇದ್ದಂಗ ಅದ."

ರಾಯಚೂರಿನ ಗ್ರಂಥಾಲಯದಲ್ಲಿ ಅದರ ಬಣ್ಣದ ಚಿತ್ರ ನೋಡಿದ್ದು ನೆನಪಾಯಿತು. ಹೇಳಿದೆ: ಅದು ಕೊಳೆಯಲ್ಲ, ಪೊರೆಯಲ್ಲ. ಅನಿಲ, ಧೂಳಿನ ದೊಡ್ಡ ಮೋಡ. ಅದರೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತವೆ.

"ಹುಟ್ಟಾಕತ್ತಾವ?" ಸಾಬರು ನನ್ನ ಕಡೆ ತಿರುಗಿದರು. "ಧೂಳಿನ್ಯಾಗ?"

"ಹೌದ್ರೀ."

"ತೊಟ್ಟಿಲಾ ಒರಸಾಕತ್ತಿದ್ರು ನೋಡ್ರಿ," ಎಂದು ಅಮೀನಾಬಿ ನಕ್ಕರು. ಸಾಬರು ನಗಲಿಲ್ಲ. ಮತ್ತೆ ಕೊಳವೆಗೆ ಕಣ್ಣಿಟ್ಟರು, ತೆಗೆಯಲಿಲ್ಲ. ನಾವೂ ಅವಸರ ಮಾಡಲಿಲ್ಲ. ನನ್ನ ಅರ್ಧ ತಾಸು ಯಾವಾಗಲೋ ದಾಟಿತ್ತು. ಊರಿನ ಸದ್ದು ಕೆಳಗೆಲ್ಲೋ ಉಳಿದು, ನಾವು ಮೂವರೂ ಆ ಬೂದು ಬೆಳಕಿನ ದಡದಲ್ಲಿ ಕೂತಂತಿತ್ತು.

ಅದೇ ಕೊನೆಯ ಭೇಟಿ. ನಾನು ಮತ್ತೆ ಮಾನ್ವಿಗೆ ಬಂದಾಗ ಸಾಬರು ಇರಲಿಲ್ಲ.

ಆ ರಾತ್ರಿ ಮಾಳಿಗೆಯಿಂದ ಕೆಳಗಿಳಿದವರೇ ಅವರು ದೀಪ ಹಚ್ಚಿ, ಅಂಗಡಿಯ ಮೇಜಿನ ಮೇಲಿದ್ದ ತಟ್ಟೆಯ ಅಡಿಯಿಂದ ನೀರಮಾನ್ವಿ ಹಳ್ಳಿಯ ಅಜ್ಜಿಯೊಬ್ಬಳ ಚಾಳೀಸು ತೆಗೆದರು. ತಮ್ಮ ಕಣ್ಣೇ ಮಂಜಾಗಿದೆಯೆಂದು ಕೈ ಹಚ್ಚಲು ಹೆದರಿ ಎಂಟು ದಿನ ಬಚ್ಚಿಟ್ಟಿದ್ದರಂತೆ. ಗಾಜಿನ ಅಂಚು ಉಜ್ಜಿದರು, ಚೌಕಟ್ಟಿಗೆ ಕೂರಿಸಿದರು, ಎಳ್ಳಿನಷ್ಟು ಸಣ್ಣ ತಿರುಪನ್ನು ಒಂದೇ ಸಲಕ್ಕೆ ಬಿಗಿದರು. ಕಾಗದದಲ್ಲಿ ಸುತ್ತಿ ಅಜ್ಜಿಯ ಹೆಸರು ಬರೆದು, ಎಂಟೂವರೆಗೆ ಅಂಗಡಿಯ ಬಾಗಿಲು ಹಾಕಿದರು.