ಸುತ್ತುದಾರಿಗೆ ಕುಯ್ದ ಮೊಗ್ಗು

ಕಚೇರಿಯ ಗೋಡೆಯ ಮೇಲೆ ಭೂಪಟ ಇತ್ತೋ ಇಲ್ಲವೋ ಈಗ ಹೇಳಲಾರೆ. ಇತ್ತು ಎಂದು ಬರೆದರೆ ಅನುಕೂಲ: ಮುಂಬೈಯಿಂದ ಯುರೋಪಿಗೆ ಎರಡು ಗೆರೆ ಎಳೆಯಬಹುದು, ಒಂದು ಪಾಕಿಸ್ತಾನದ ಮೇಲೆ ನೇರವಾಗಿ, ಇನ್ನೊಂದು ಸಮುದ್ರದ ಮೇಲೆ ಸುತ್ತಿಕೊಂಡು. ಆದರೆ ನನಗೆ ಖಚಿತವಾಗಿ ನೆನಪಿರುವುದು ಒಂದು ಫ್ಯಾಕ್ಸ್ ಯಂತ್ರ, ಒಂದು ರಿಜಿಸ್ಟರ್, ಅಷ್ಟೇ. ರಿಜಿಸ್ಟರ್ ಬರೆಯುತ್ತಿದ್ದವಳು ನಾನು.

ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಒಳಕ್ಕೆ ಹೋದರೆ ಸಿಗುತ್ತಿದ್ದ ತೋಟ ಅದು. ರಾಗಿ ಹೊಲಗಳಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹೊದ್ದ ಪಾಲಿಹೌಸ್‌ಗಳು, ಒಳಗೆ ಹಾಲೆಂಡಿಗೆ ಹೋಗುವ ಗುಲಾಬಿ. ನಾನು ವಿಜಯನಗರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹೂ ಕುಯ್ಯುವ ಹೆಂಗಸರ ಮುಂದಾಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಮೂರನೆಯ ಪಾಲಿಹೌಸ್ ನಿಂತ ನೆಲ ಹಿಂದೆ ಅವರ ಮಾವನದಾಗಿತ್ತು. ಅದರ ಬಗ್ಗೆ ಅವರಿಗೆ ಬೇಸರವಿದ್ದಂತೆ ಕಾಣಲಿಲ್ಲ. ಅಲ್ಲಿ ನೀರು ನಿಲ್ಲುತ್ತಿತ್ತು, ಮಾರಿದ್ದೇ ಒಳ್ಳೆಯದಾಯಿತು ಎನ್ನುತ್ತಿದ್ದರು.

ಮೊಗ್ಗಿನ ಹದ ಹೇಳುವವರು ಅವರೇ. ಬೆಳಗ್ಗೆ ಮೊದಲ ಮೊಗ್ಗನ್ನು ಅವರು ಕುಯ್ದು ಎತ್ತಿ ತೋರಿಸುತ್ತಿದ್ದರು, ಆ ದಿನಕ್ಕೆ ಅದೇ ಅಳತೆ. ಕೆಳಗಿನ ಹಸಿರೆಲೆ ಬಾಗಿರಬೇಕು, ಹೊರಗಿನ ಒಂದು ಎಸಳು ಸಡಿಲಾಗಿರಬೇಕು. ಹೆಚ್ಚು ಬಿಚ್ಚಿಕೊಂಡಿದ್ದರೆ ಊರು ಮುಟ್ಟುವಷ್ಟರಲ್ಲಿ ಪೂರ್ತಿ ಅರಳಿಬಿಡುತ್ತದೆ. ತೀರಾ ಬಿಗಿಯಾಗಿದ್ದರೆ ಅರಳುವುದೇ ಇಲ್ಲ, ಕತ್ತು ಬಗ್ಗಿಸುತ್ತದೆ. ವಿಮಾನದ ದಾರಿ ಎಷ್ಟು ಹೊತ್ತಿನದು ಎಂಬುದು ಆ ಒಂದು ಎಸಳಿನ ಲೆಕ್ಕದಲ್ಲಿತ್ತು.

2002ರ ಹೊಸ ವರ್ಷದಿಂದ ನಮ್ಮ ವಿಮಾನ ಪಾಕಿಸ್ತಾನದ ಮೇಲೆ, ಅವರ ವಿಮಾನ ನಮ್ಮ ಮೇಲೆ ಹಾರುವಂತಿಲ್ಲ ಎಂದಾಯಿತು. ಬೇರೆ ದೇಶಗಳ ವಿಮಾನಕ್ಕೆ ಈ ತಡೆ ಇರಲಿಲ್ಲ. ನಮ್ಮ ಮಾಲೀಕರು ದರ ಕಡಿಮೆ ಎಂದು ಹೂವನ್ನು ನಮ್ಮ ದೇಶದ ವಿಮಾನದಲ್ಲೇ ಕಳಿಸುತ್ತಿದ್ದರು. ಸುತ್ತಿ ಹೋಗುವ ವಿಮಾನಕ್ಕೆ ಇಂಧನ ಹೆಚ್ಚು ಬೇಕು, ಅಷ್ಟು ಭಾರದ ಸರಕನ್ನು ಇಳಿಸಬೇಕು. ನಮ್ಮ ಪೆಟ್ಟಿಗೆಗಳನ್ನು ಇಳಿಸಿದರು. ಅವು ಮುಂಬೈಯಲ್ಲಿ ಒಂದು ದಿನ ಬಿದ್ದಿದ್ದು ಮರುದಿನ ಹೊರಟವು. ಹೂ ಅರಳಿಹೋಗಿದೆ ಎಂದು ಹಾಲೆಂಡಿನಿಂದ ಫ್ಯಾಕ್ಸ್ ಬಂತು.

ಮಾಲೀಕರು ಪಾಲಿಹೌಸಿಗೇ ಬಂದು, ಇನ್ನು ಮೇಲೆ ಮೊಗ್ಗು ಬಿಗಿಯಾಗಿರುವಾಗಲೇ ಕುಯ್ಯಬೇಕು ಎಂದರು.

“ಅಷ್ಟು ಎಳೇದು ಅರಳಾಕಿಲ್ಲ ಸಾರ್,” ಎಂದರು ಅಕ್ಕ. “ಇಮಾನ ತಡ ಆದ್ರೆ ಅದ್ಕೆ ಮೊಗ್ಗೇನ್ ಮಾಡ್ತದೆ?”

“ಹಂಗಾದ್ರೆ ನೀನೇ ಡೆಲ್ಲಿಗೆ ಫೋನ್ ಮಾಡಮ್ಮ, ದಾರಿ ಬಿಡಿಸು,” ಎಂದರು ಮಾಲೀಕರು. ಹೆಂಗಸರು ನಕ್ಕರು. ನಾನೂ ನಕ್ಕೆ.

ಹಾಲೆಂಡಿನವರಿಗೆ ಕೆಂಪು ಗುಲಾಬಿ ಅತಿ ಹೆಚ್ಚು ಬೇಕಾಗುವುದು ಫೆಬ್ರವರಿ ಹದಿನಾಲ್ಕಕ್ಕೆ. ಆ ಹೊತ್ತಿಗೆ ಬಿಗಿ ಮೊಗ್ಗುಗಳನ್ನೇ ಕಳಿಸಿದೆವು. ಅವೂ ಮುಂಬೈಯಲ್ಲಿ ಒಂದು ದಿನ ಬಿದ್ದವು. ಹಾಲೆಂಡಿನಲ್ಲಿ ನೀರಿಗಿಟ್ಟರೆ ಒಂದೂ ಅರಳಲಿಲ್ಲ, ಕತ್ತು ಬಗ್ಗಿಸಿದವು. ಇಡೀ ಸರಕನ್ನು ತಿರಸ್ಕರಿಸಿದರು. ರಿಜಿಸ್ಟರಿನಲ್ಲಿ ಕಾರಣದ ಕಾಲಮ್ಮಿಗೆ ನಾನು ‘ಕಟಿಂಗ್ ದೋಷ’ ಎಂದು ಬರೆದೆ.

ಇದನ್ನು ಬಹಳ ವರ್ಷ ಬೇರೆ ಥರ ಹೇಳಿಕೊಂಡು ಬಂದೆ: ಮಾಲೀಕರು ಹೇಳಿದರು, ನಾನು ಬರೆದೆ. ಮಾಲೀಕರು ಹೇಳಿದ್ದು “ಕಾರಣ ಬರಿ” ಎಂದು ಮಾತ್ರ. ‘ಕಟಿಂಗ್ ದೋಷ’ ಎಂಬ ಎರಡು ಪದ ನನ್ನವು. ಪೆಟ್ಟಿಗೆ ಇಳಿಸಿದ್ದೇವೆ ಎಂಬ ವಿಮಾನ ಕಂಪನಿಯ ಫ್ಯಾಕ್ಸ್ ಆಗ ನನ್ನ ಮೇಜಿನ ಮೇಲೆಯೇ ಇತ್ತು. ಅದನ್ನು ಓದಿರಲಿಲ್ಲ ಎಂದು ಸೇರಿಸಲು ಈಗಲೂ ಕೈ ಹೋಗುತ್ತದೆ. ಓದಿದ್ದೆ.

ಅಕ್ಕನನ್ನು ಶೆಡ್ಡಿಗೆ ಹಾಕಿದರು. ಗಿಡ್ಡ ಕಾಂಡದ, ಸೊಟ್ಟ ಹೂಗಳನ್ನು ಸಿಟಿ ಮಾರ್ಕೆಟ್ಟಿಗೆ ಕಟ್ಟು ಕಟ್ಟುವ ಕೆಲಸ. ಸಂಬಳ ಕಡಿಮೆಯಾಗಲಿಲ್ಲ. ಬೆಳಗಿನ ಮೊದಲ ಮೊಗ್ಗನ್ನು ಮಾತ್ರ ಬೇರೆಯವರು ಎತ್ತಿ ತೋರಿಸುವಂತಾಯಿತು. ಸುಮಾರು ಎರಡು ವರ್ಷ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಊಟಕ್ಕೆ ಕೂತಾಗ ಉಪ್ಪಿನಕಾಯಿ ಎಲ್ಲರಿಗೂ ಹಂಚುವಾಗ ನನಗೂ ಹಾಕುತ್ತಿದ್ದರು, ಅದು ನಿಲ್ಲಲಿಲ್ಲ.

2004ರ ಆರಂಭದಲ್ಲಿ ತಡೆ ತೆಗೆದರು. ವಿಮಾನ ನೇರ ಹೋಗತೊಡಗಿತು, ಹಳೆಯ ಹದ ಮತ್ತೆ ಬೇಕಾಯಿತು. ಹೊಸ ಮುಂದಾಳಿಗೆ ಅದು ಕೈಗೆ ಹತ್ತಲಿಲ್ಲ, ಒಂದು ದಿನ ಬಿಗಿ, ಒಂದು ದಿನ ಸಡಿಲ. ಅಕ್ಕನನ್ನು ಕರೆ ಎಂದು ಮಾಲೀಕರು ನನ್ನನ್ನು ಶೆಡ್ಡಿಗೆ ಕಳಿಸಿದರು.

ಅವರು ಕಟ್ಟು ಕಟ್ಟುತ್ತಲೇ ಕೇಳಿಸಿಕೊಂಡರು.

“ದಾರಿ ಬಿಟ್ರು ಅಂತ ಹದ ಬದಲಾಯಿಸ್ತಾ ಇದೀರ. ಅಂಗಾದ್ರೆ ಆವತ್ತಿಂದು ನನ್ ಕತ್ರಿ ತಪ್ಪಲ್ಲ ತಾನೆ?”

ಅಲ್ಲ ಎಂದೆ.

“ನನ್ ತಾವ ಹೇಳಿದ್ರೆ ಏನ್ ಬಂತು. ಬುಕ್ಕಲ್ಲಿ ಬರ್ದು ಎಲ್ರ ಮುಂದೆ ಓದಮ್ಮ. ಆಮೇಕೆ ಬತ್ತೀನಿ.”

ಹಳೆಯ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ ಚಿತ್ರ ನನ್ನ ಕಣ್ಣಲ್ಲಿದೆ. ಅದು ಸುಳ್ಳಿರಬೇಕು, ನಮ್ಮಲ್ಲಿ ಕೆಂಪು ಪೆನ್ನೇ ಇರಲಿಲ್ಲ. ಹೊಸ ಪುಟದಲ್ಲಿ ನೀಲಿಯಲ್ಲಿ ಬರೆದೆ: ಆ ಫೆಬ್ರವರಿಯ ಸರಕು ಕೆಟ್ಟದ್ದು ಕಟಿಂಗ್ ದೋಷದಿಂದಲ್ಲ, ಮೊಗ್ಗನ್ನು ಬಿಗಿಯಾಗಿ ಕುಯ್ಯಲು ಕಚೇರಿಯೇ ಹೇಳಿತ್ತು, ಪೆಟ್ಟಿಗೆಗಳು ಮುಂಬೈಯಲ್ಲಿ ಒಂದು ದಿನ ಉಳಿದವು, ಹಿಂದಿನ ನಮೂದು ನನ್ನ ತಪ್ಪು. ಮಾಲೀಕರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು.

ಮರುದಿನ ಬೆಳಗ್ಗೆ ಮೂರನೆಯ ಪಾಲಿಹೌಸಿನ ಬಾಗಿಲಲ್ಲಿ ಹೆಂಗಸರೆಲ್ಲ ಸೇರಿದಾಗ ಅದನ್ನು ಓದಿದೆ. ಅಕ್ಕ ಪೂರ್ತಿ ಕೇಳಿದರು. ಅವರಿಗೆ ಓದು ಬರುತ್ತಿರಲಿಲ್ಲ. ನನ್ನ ಕೈಯಿಂದ ರಿಜಿಸ್ಟರ್ ತೆಗೆದುಕೊಂಡು, ಗದಗದ ಕಡೆಯಿಂದ ಬಂದು ಹೊಸದಾಗಿ ಸೇರಿದ್ದ, ಹತ್ತನೆಯ ತರಗತಿ ಓದಿದ್ದ ಹೆಂಗಸಿಗೆ ಕೊಟ್ಟರು.

“ನೀನೊಂದ್ಸಲ ಓದವ್ವ. ಆವತ್ತು ಬರೆದೋಳೂ ಇವಳೇಯ.”

ಆಕೆ ನಿಧಾನವಾಗಿ, ತಮ್ಮ ಕಡೆಯ ರಾಗದಲ್ಲಿ ಓದಿದಳು. ಪುಟದ ನಂಬರು, ತಾರೀಕು, ಸಹಿಯ ಕೆಳಗಿನ ‘ಮಾಲೀಕರು’ ಎಂಬ ಪದ, ಒಂದನ್ನೂ ಬಿಡಲಿಲ್ಲ. ಎರಡು ಓದೂ ಒಂದೇ ಎಂದು ಖಾತ್ರಿಯಾದ ಮೇಲೆ ಅಕ್ಕ ಸೆರಗು ಸಿಕ್ಕಿಸಿಕೊಂಡು, ಕತ್ತರಿ ತೆಗೆದುಕೊಂಡು ಸಾಲಿನೊಳಕ್ಕೆ ಹೋದರು. ಮೊಗ್ಗು ಕುಯ್ದು ಎತ್ತಿ ಹಿಡಿದರು. ಎಸಳು ಎಷ್ಟು ಸಡಿಲಾಗಿತ್ತೋ ನನಗೆ ಕಾಣಲಿಲ್ಲ, ಹೆಂಗಸರು ಅಡ್ಡ ನಿಂತಿದ್ದರು.